ಎಂಟನೆಯ ಇಯತ್ತೆಯ ಅಸ್ಥಿಪಂಜರ

ಸವಣೂರಿನ ಮಾಮಲೇದಾರ ಕಚೇರಿಯ ಅವ್ವಲ್ ಕಾರಕೂನ ಶ್ರೀನಿವಾಸರಾಯರು ತಮ್ಮನ್ನು ತಾವು ಸುಧಾರಕರೆಂದು ತಿಳಿದುಕೊಂಡಿದ್ದರು. ಇದಕ್ಕೆ ಆಧಾರಗಳು ಇಲ್ಲದೆ ಇರಲಿಲ್ಲ. ಸಂಧ್ಯಾವಂದನೆಯನ್ನು ಅವರು ಸಂಕ್ಷೇಪದಲ್ಲಿ ಮುಗಿಸುತ್ತಿದ್ದರು. ಹುಬ್ಬಳ್ಳಿಗೆ ಹೋದಾಗ ಸ್ಟೇಶನ್ನಿನ ಚಹಾ ಕುಡಿಯುವಷ್ಟು, ಕುಡಿದದ್ದನ್ನು ಮನೆಯಲ್ಲಿ ಹೇಳದೆ ಇರುವಷ್ಟು ಮುಂದುವರಿದಿದ್ದರು. ಮರಾಠಿ ಮಾಸಿಕವೊಂದನ್ನು ತರಿಸಿ, ಸ್ತ್ರೀಶಿಕ್ಷಣದ ಲೇಖನಗಳ ಅಂಚಿಗೆ ಕೆಂಪು ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಿದ್ದರು.

ಹೀಗಾಗಿ ೧೯೫೪ರ ಬೇಸಿಗೆಯಲ್ಲಿ ಒಬ್ಬಳೇ ಮಗಳು ಮನೋರಮಾ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗ, ವರನ ಮಾತು ತೆಗೆದ ಬಂಧುಗಳ ಬಾಯಿಯನ್ನು ರಾಯರು ಅಲ್ಲಿಂದಲ್ಲಿಗೇ ಮುಚ್ಚಿದರು.

“ಆಕಿ ಹೈಸ್ಕೂಲಿಗೆ ಹೋಗ್ತಾಳ. ಯಾವ ವಿಷಯ ತೊಗೋಬೇಕು ಅನ್ನೂದನ್ನೂ ಆಕೀನ ಆರಸ್ತಾಳ. ನಾವು ನಡುವ ಬಾಯಿ ಹಾಕೂದಿಲ್ಲ.”

ಇದೇ ಮಾತನ್ನು ಕಚೇರಿಯಲ್ಲೂ ಹೇಳಿದರು. ಮಾಮಲೇದಾರರು ತಲೆ ಎತ್ತಿ, “ರಾಯರ, ನೀವು ಕಾಲಕ್ಕಿಂತ ಭಾಳ ಮುಂದ ಇದ್ದೀರಿ” ಎಂದರು. ಆ ಪ್ರಶಂಸೆಯನ್ನು ರಾಯರು ಜೋಪಾನವಾಗಿ ಮನೆಗೆ ತಂದು ಹೆಂಡತಿಯ ಮುಂದಿಟ್ಟರು. ತುಂಗಾಬಾಯಿ, “ಹೌದೇನು? ಹಂಗಾದ್ರ ಒಂದೆರಡು ಹೆಜ್ಜಿ ಹಿಂದ ಬಂದು ಊಟಕ್ಕ ಕೂಡ್ರಿ, ಅನ್ನ ಆರಲಿಕ್ಕತ್ತದ” ಎಂದಳು.

ಆರಿಸುವುದು ಎಂದರೆ ಬಹಳ ದೊಡ್ಡ ಕೆಲಸವೇನೂ ಆಗಿರಲಿಲ್ಲ. ಕನ್ನಡ, ಇಂಗ್ಲಿಷು, ಗಣಿತ, ಇತಿಹಾಸ ಎಲ್ಲರಿಗೂ ಕಟ್ಟಿಟ್ಟದ್ದೇ. ನಾಲ್ಕನೆಯ ತಾಸಿಗೆ ಮಾತ್ರ ಎಂಟನೆಯ ಇಯತ್ತೆ ಎರಡು ಹೋಳಾಗುತ್ತಿತ್ತು. ಒಂದು ಕೋಣೆಯಲ್ಲಿ ಸಂಸ್ಕೃತ, ಇನ್ನೊಂದರಲ್ಲಿ ಶರೀರಶಾಸ್ತ್ರ ಮತ್ತು ಆರೋಗ್ಯಶಾಸ್ತ್ರ. ಒಂದೇ ತಾಸಿನಲ್ಲಿ ಎರಡು ಕೋಣೆಗಳಲ್ಲಿ ಕೂಡುವ ವಿದ್ಯೆ ಆ ಊರಿನಲ್ಲಿ ಇನ್ನೂ ಯಾರಿಗೂ ಬಂದಿರಲಿಲ್ಲವಾದ್ದರಿಂದ ಹುಡುಗರು ಯಾವುದಾದರೂ ಒಂದನ್ನು ಬಿಡಲೇಬೇಕಾಗಿತ್ತು.

ರಾಯರ ಮನೆತನದಲ್ಲಿ ಸಂಸ್ಕೃತ ನೀರಿನಂತೆ ಹರಿದು ಬಂದದ್ದು. ಅವರ ಮುತ್ತಜ್ಜ ಒಂದು ಟೀಕೆಗೆ ಟಿಪ್ಪಣಿ ಬರೆದು, ಅದು ಜನಕ್ಕೆ ತಿಳಿಯಲಿಲ್ಲವೆಂದು ಆ ಟಿಪ್ಪಣಿಗೆ ಇನ್ನೊಂದು ಟಿಪ್ಪಣಿ ಬರೆದವರು. ಅದು ಯಾರಿಗಾದರೂ ತಿಳಿಯಿತೇ ಎಂಬುದಕ್ಕೆ ದಾಖಲೆಯಿಲ್ಲ. ಹೀಗಿರುವಾಗ ಮಗಳಿಗೆ ಸ್ವಾತಂತ್ರ್ಯ ಕೊಡುವಲ್ಲಿ ರಾಯರಿಗೆ ಯಾವ ಅಳುಕೂ ಇರಲಿಲ್ಲ. ಆಕೆ ಸಂಸ್ಕೃತವನ್ನೇ ಸ್ವತಂತ್ರವಾಗಿ ಆರಿಸುತ್ತಾಳೆಂದು ಅವರಿಗೆ ಖಾತ್ರಿಯಿತ್ತು.

ಜೂನ್ ತಿಂಗಳ ಒಂದು ಆದಿತ್ಯವಾರ ಮಧ್ಯಾಹ್ನ ಆ ಖಾತ್ರಿ ನುಗ್ಗೆಕಾಯಿಯ ಹುಳಿಯಲ್ಲಿ ಬಿದ್ದಿತು.

ರಾಯರು, ಮನೋರಮಾ ಊಟಕ್ಕೆ ಕೂತಿದ್ದರು. ಬಡಿಸುತ್ತಿದ್ದವರು ರಾಯರ ತಾಯಿ ಗೋಪಿಕಾಬಾಯಿ. ಕೆಂಪು ಸೀರೆಯುಟ್ಟು ಬೋಳುತಲೆಯ ಮೇಲೆ ಸೆರಗು ಹೊದ್ದ ವಿಧವೆ. ಮಡಿಯಲ್ಲಿದ್ದಾಗ ಅವರ ಆಚೀಚೆ ಎರಡು ಮಾರು ದೂರದವರೆಗೆ ಬೆಕ್ಕು ಕೂಡ ಸುಳಿಯುತ್ತಿರಲಿಲ್ಲ.

“ಅಪ್ಪಾ, ನಾ ಆರಿಸಿದೆ” ಎಂದಳು ಮನೋರಮಾ.

“ಭೇಷ್” ಎಂದರು ರಾಯರು, ನುಗ್ಗೆಯ ತುಂಡೊಂದನ್ನು ಹಲ್ಲಿಗೆ ಕೊಡುತ್ತ.

“ಶರೀರಶಾಸ್ತ್ರ.”

ರಾಯರು ಅಗಿಯುವುದನ್ನು ನಿಲ್ಲಿಸಲಿಲ್ಲ, ನಿಧಾನ ಮಾಡಿದರು. “ಯಾಕವಾ?”

“ಸಾಲಿಗೆ ಅಸ್ಥಿಪಂಜರ ಬಂದದ. ಕಲಕತ್ತಾದಿಂದ ಯಲವಿಗಿ ಸ್ಟೇಶನ್ನಿನ ತನಕಾ ರೈಲಿನಾಗ, ಅಲ್ಲಿಂದ ಚಕ್ಕಡಿಯಾಗ. ಹೆಸರು ಹಚ್ಚಲಿಕ್ಕೆ ಹೋದಾಗ ನಾ ಕಿಡಕ್ಯಾಗಿಂದ ನೋಡಿದೆ. ಎಲ್ಲಾ ಬೆರಳಿಗೆ ಮೂರ ಮೂರ ತುಂಡು ಅವ, ಹೆಬ್ಬೆರಳಿಗೆ ಮಾತ್ರ ಎರಡ. ಯಾಕ ಎರಡ ಅಪ್ಪಾ?”

“ಮಣ್ಣಿನ ಗೊಂಬಿ ಇದ್ದೀತು, ಮಾಡಿದಾಂವ ಮರತಿರಬೇಕು” ಎಂದಳು ಬಾಗಿಲಲ್ಲಿ ನಿಂತಿದ್ದ ತುಂಗಾಬಾಯಿ.

“ಗೊಂಬಿ ಅಲ್ಲವ್ವಾ! ಖರೇನ ಎಲುವು. ಖರೇ ಮನಷಾಂದು. ಶರೀರಶಾಸ್ತ್ರ ತೊಗೊಂಡವರು ಒಂದೊಂದ ಕೈಯಾಗ ಹಿಡದು ನೋಡಬೇಕಂತ.”

ರಾಯರ ಬಾಯಿಯಿಂದ ನುಗ್ಗೆಯ ತುಂಡು ಬಾಳೆ ಎಲೆಯ ಮೇಲೆ ಬಿತ್ತು. ಅವರು ಅದನ್ನೇ ನೋಡುತ್ತ ಕುಳಿತರು. ಹುಳಿಯ ಸೌಟು ಹಿಡಿದ ಗೋಪಿಕಾಬಾಯಿ ನಿಂತಲ್ಲೇ ನಿಂತುಬಿಟ್ಟರು. ಮೊದಲು ಮೊಮ್ಮಗಳನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು. ಮಗನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ನಂತರ ಒಂದು ಮಾತೂ ಆಡದೆ ಅಡಿಗೆಮನೆಗೆ ಹೊರಟುಹೋದರು.

ರಾಯರು ಅನ್ನ ಬಿಟ್ಟು ಎದ್ದರು.

ಕೈ ತೊಳೆಯುತ್ತಿರುವಾಗ ಅವರಿಗೆ ಎರಡು ಸಂಗತಿ ಗೊತ್ತಾದವು. ಮೊದಲನೆಯದೆಂದರೆ, ತಾನು ಈ ವಿಷಯಕ್ಕೆ ಬಿಲ್ಕುಲ್ ಒಪ್ಪಲಾರೆ. ಎರಡನೆಯದೆಂದರೆ, ಒಪ್ಪಲಾರೆ ಎಂದು ಹೇಳಲಾರೆ. ಬಂಧುಗಳ ಮುಂದೆ ಹೇಳಿಯಾಗಿತ್ತು. ಮಾಮಲೇದಾರರ ಮುಂದೆ ಹೇಳಿಯಾಗಿತ್ತು. ಕಾಲಕ್ಕಿಂತ ಮುಂದೆ ಹೋದವನು ಹಿಂದೆ ಬರುವಾಗ ದಾರಿಯಲ್ಲಿ ಎಲ್ಲರೂ ನೋಡುತ್ತಾರೆ. ಆದರೆ ದೇವರು ದಯಾಮಯ. ಸುಧಾರಕರ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬ ಮಡಿ ತಾಯಿಯನ್ನು ಇಟ್ಟೇ ಇರುತ್ತಾನೆ.

ಪಡಸಾಲೆಯಲ್ಲಿ ಮಗಳನ್ನು ಹತ್ತಿರ ಕೂಡಿಸಿಕೊಂಡರು. “ನೋಡವಾ ಮನೂ, ನಂದೇನೂ ಅಡ್ಡಿ ಇಲ್ಲ. ನಾ ಅಂದದ್ದು ಅಂದದ್ದ. ಆದ್ರ ಮನ್ಯಾಗ ಅಜ್ಜಿ ಇದ್ದಾಳ. ನೀ ದಿನಾ ಹೆಣದ ಎಲುವು ಮುಟ್ಟಿ ಬಂದು ಮನ್ಯಾಗೆಲ್ಲಾ ತಿರಗಿದಿ ಅಂದ್ರ ಆಕಿ ನೀರೂ ಮುಟ್ಟೂದಿಲ್ಲ.”

“ಅಜ್ಜೀನ ಕೇಳ್ತೇನಿ ಹಂಗಾದ್ರ.”

“ಕೇಳಬ್ಯಾಡ!” ರಾಯರ ದನಿ ತಮಗೇ ದೊಡ್ಡದೆನಿಸಿ ಸಣ್ಣದಾಯಿತು. “ವಯಸ್ಸಾದಾಕಿ. ಎದಿ ಒಡಕೋತಾಳ. ನೋಡಲಿಲ್ಲೇನು, ಸೌಟು ಹಿಡಕೊಂಡ ಹೆಂಗ ನಿಂತಳು?”

ಮನೋರಮಾ ನೋಡಿದ್ದಳು. ಕಂಬಕ್ಕೆ ಒರಗಿ ತನ್ನ ಹೆಬ್ಬೆರಳನ್ನು ಮಡಚುತ್ತ, ಬಿಡಿಸುತ್ತ ಕುಳಿತಳು. ಅದನ್ನು ನೋಡಲಾಗದೆ ರಾಯರು ಎದ್ದು ಮಾಸಿಕ ಹಿಡಿದರು. ಗೀಟು ಎಳೆದ ಪುಟವೇ ತೆರೆಯಿತು, ಮಡಚಿಟ್ಟರು.

ಮರುದಿನ ಹೈಸ್ಕೂಲಿನ ಹೆಡ್ ಮಾಸ್ತರರು ಪೇಟೆಯಲ್ಲಿ ಸಿಕ್ಕಾಗ ರಾಯರು ಅದೇ ಮಾತನ್ನು ಇನ್ನೂ ಚೆಂದಾಗಿ ಹೇಳಿದರು. “ನಾ ಏನು ಮಾಡಲಿ ಹೇಳ್ರಿ ಮಾಸ್ತರ? ತಾಯಿ ಹಳೇ ಕಾಲದವರು. ಅವರ ಎದುರಿಗೆ ನಮ್ಮ ವಿಚಾರ ನಡೀತಾವೇನು?” ಹೆಡ್ ಮಾಸ್ತರರು ನಿಟ್ಟುಸಿರು ಬಿಟ್ಟರು. ಅವರ ಶರೀರಶಾಸ್ತ್ರಕ್ಕೆ ಈವರೆಗೆ ಮೂವರು ಹುಡುಗರು ಮಾತ್ರ ಹೆಸರು ಹಚ್ಚಿದ್ದರು. “ನಿಮ್ಮಂಥಾ ಸುಧಾರಕರಿಗೇ ಹಿಂಗಾದ್ರ, ಉಳದವರ ಪಾಡೇನ್ರಿ! ಗುರುವಾರತನಕಾ ಹೆಸರು ತೊಗೋತೇನಿ. ಆಮ್ಯಾಲ ಬದಲಿ ಮಾಡಲಿಕ್ಕೆ ಬರೂದಿಲ್ಲ ನೋಡ್ರಿ” ಎಂದು ಅವರು ಹೋದರು.

ರಾಯರು ಸುಮ್ಮನೆ ಗುರುವಾರ ಕಳೆಯಲು ಬಿಡಬಹುದಾಗಿತ್ತು. ಆದರೆ ಕಚೇರಿಯಲ್ಲಿ ಬೆಳೆದ ಮನುಷ್ಯ. ಮೇಲಿನವರ ಹುಕುಮು ಇಲ್ಲದೆ ಯಾವ ಕಾಗದವೂ ಗಟ್ಟಿಯಲ್ಲವೆಂದು ಅವರಿಗೆ ಗೊತ್ತು. ಶಾಸ್ತ್ರದ ಒಂದು ‘ಕೂಡದು’ ಸಿಕ್ಕಿಬಿಟ್ಟರೆ ಮಗಳ ಎದುರಿಗೂ ನಿಶ್ಚಿಂತೆ. ಆದ್ದರಿಂದ ಸಂಜೆಗೆ ಮಠದ ಓಣಿಯ ಪ್ರಹ್ಲಾದಾಚಾರ್ಯರ ಮನೆಗೆ ನಡೆದರು. ಆಚಾರ್ಯರು ರಾಯರ ತಂದೆಯ ಚಿಕ್ಕಪ್ಪನ ಮಗ, ರಾಯರಿಗೆ ಕಾಕಾ. ಎಂಬತ್ತರ ಹತ್ತಿರದ ವಯಸ್ಸು. ಏಕಾದಶಿ ಇಂದೋ ನಾಳೆಯೋ ಎಂದು ಕೇಳುವವರನ್ನು ಬಿಟ್ಟರೆ ಈಚೆಗೆ ಅವರ ಬಳಿ ಯಾರೂ ಧರ್ಮಪ್ರಶ್ನೆ ತರುತ್ತಿರಲಿಲ್ಲ.

ರಾಯರು ಹೇಳುವುದನ್ನೆಲ್ಲ ಹೇಳಿ, “ಮನಷಾನ ಎಲುವು, ಕಾಕಾ. ಅದೂ ಯಾರದೋ ಏನೋ. ಕೂಡದು ಅಂತ ಒಂದು ಮಾತು ಹೇಳಿಬಿಡ್ರಿ” ಎಂದರು.

ಆಚಾರ್ಯರು ನಶ್ಯದ ಡಬ್ಬಿ ಕೆಳಗಿಟ್ಟರು. ಮುಖದ ಮೇಲೆ ಹತ್ತು ವರ್ಷ ಕಡಿಮೆಯಾಯಿತು. “ಒಣಗಿದ್ದೋ, ಜಿಡ್ಡಿನದೋ?”

“ಏನು?”

“ಎಲುವೋ ಮಾರಾಯಾ! ಜಿಡ್ಡಿದ್ದ ಎಲುವು ಮುಟ್ಟಿದ್ರ ಸ್ನಾನ ಮಾಡಬೇಕು. ಒಣಗಿದ್ದು ಮುಟ್ಟಿದ್ರ ಸ್ನಾನ ಬ್ಯಾಡ. ಆಚಮನ ಮಾಡಿ ಸೂರ್ಯನ್ನ ನೋಡಿದ್ರ ಮುಗೀತು. ಮಳಿಗಾಲದಾಗ ಸೂರ್ಯ ಕಾಣಲಿಲ್ಲ ಅಂದ್ರ ಆಕಳ ಮುಟ್ಟಿದ್ರೂ ನಡೀತದ. ಸವಣೂರಾಗ ಆಕಳಿಗೇನು ಬರ?”

ರಾಯರು ಚಾಪೆಯ ಮೇಲೆ ಕುಳಿತಿದ್ದವರು ಅದರ ಅಂಚನ್ನು ಹಿಡಿದುಕೊಂಡರು. ಧರ್ಮಶಾಸ್ತ್ರವನ್ನು ಅವರು ಇಷ್ಟು ವರ್ಷ ದೂರದಿಂದಲೇ ತಿರಸ್ಕರಿಸುತ್ತ ಬಂದವರು; ಅದರಲ್ಲಿ ಏನಿದೆಯೆಂದು ನೋಡಿದವರಲ್ಲ. ಅದು ತಮಗೆ ಬೇಕಾದ ದಿನವೇ ಹೀಗೆ ಕೈಕೊಡುತ್ತದೆಂದು ಎಣಿಸಿರಲಿಲ್ಲ.

“ಮನಷಾಂದು, ಕಾಕಾ!”

“ನಾನೂ ಮನಷಾಂದ ಹೇಳಲಿಕ್ಕತ್ತೇನಿ. ಎತ್ತಿಂದಾದ್ರ ಪ್ರಶ್ನೇನ ಬ್ಯಾರೆ.”

“ಹಿಂಗಾದ್ರ ಸಂಸ್ಕೃತ ತಪ್ಪತದಲ್ಲರಿ? ನಮ್ಮ ಮನಿತನದಾಗ—”

“ಸಂಜಿಗೆ ಇಲ್ಲೆ ಕಳಸು. ನಾ ಕಲಸ್ತೇನಿ. ಸಾಲಿ ಮಾಸ್ತರ ನನ್ನ ಶಿಷ್ಯನ ಶಿಷ್ಯ, ಎರಡು ಕೈ ದಾಟಿದ ಸಂಸ್ಕೃತ ಅದು.” ಆಚಾರ್ಯರು ಆಗಲೇ ಗೂಟದ ಮೇಲಿನ ಶಲ್ಯ ತೆಗೆಯುತ್ತಿದ್ದರು. “ಆದ್ರ ಕಣ್ಣಿಲೆ ನೋಡದ ನಿರ್ಣಯ ಹೇಳಬಾರದು. ನಾಳೆ ಮುಂಜಾನೆ ಸಾಲಿಗೆ ಹೋಗೂಣು. ಹುಡಿಗೀನೂ ಕರಕೊಂಡು ಬಾ.”

ಮರುದಿನ ತುಂತುರು ಮಳೆಯಲ್ಲಿ ಮೂವರೂ ಹೋದರು. ಒಂದೇ ಛತ್ರಿ ಆಚಾರ್ಯರ ಮೇಲೆ. ರಾಯರು ನೆನೆಯುತ್ತ ನಡೆದರು, ಮನೋರಮಾ ಓಡುತ್ತ. ಹೆಡ್ ಮಾಸ್ತರರು ಇಂಥ ದೊಡ್ಡ ಪಂಡಿತರು ತಮ್ಮ ಶರೀರಶಾಸ್ತ್ರದ ಕೋಣೆಗೆ ಬಂದದ್ದಕ್ಕೆ ಗಾಬರಿಯಾಗಿ, ಶಿಪಾಯಿ ಬಂದೇಸಾಬನನ್ನು ಕೂಗಿದರು. ಬಂದೇಸಾಬ ಬಂದು, ಮದುಮಗಳ ಮುಸುಕು ಸರಿಸುವವನಂತೆ ಮೆಲ್ಲಗೆ ಕಪಾಟಿನ ಬಾಗಿಲು ತೆರೆದ.

ಕೊಕ್ಕೆಗೆ ತೂಗುಬಿದ್ದ ಅಸ್ಥಿಪಂಜರ ಒಮ್ಮೆ ಓಲಾಡಿ ನಿಂತಿತು. ತಲೆಯಿಂದ ಪಾದದವರೆಗೆ ಫಳಫಳನೆ ಹೊಳೆಯುತ್ತಿತ್ತು.

ರಾಯರು ಹೊಸಿಲು ದಾಟಲಿಲ್ಲ. ಕೊಡೆ ಇಲ್ಲದೆ ನೆನೆದ ನೆಪ ಹೇಳಿ ಹೊರಗೇ ನಿಂತರು. ಆಚಾರ್ಯರು ಮಾತ್ರ ಕೈಗಳನ್ನು ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋದರು.

“ಏನೋ ಬಂದೇಸಾಬ, ಇದು ಹಿಂಗ್ಯಾಕ ಹೊಳೀಲಿಕ್ಕತ್ತದ?”

“ಹೊಳೀದ ಏನ್ ಮಾಡತೈತ್ರಿ ಆಚಾರ್ರ!” ಬಂದೇಸಾಬನಿಗೆ ಎದೆಯುಬ್ಬಿತು. “ವಾರಕ್ಕೊಮ್ಮೆ ಕುಸುಬಿ ಎಣ್ಣಿ ಹಚ್ಚಿ ತಿಕ್ಕಾಕತ್ತೇನ್ರಿ. ಬಂದಾಗ ನೋಡಬೇಕಿತ್ತು ನೀವು. ಪಾಪ, ಬಿಳಚಿಗೊಂಡು, ಸೊರಗಿ, ಹತ್ತ ದಿನ ಉಪಾಸ ಬಿದ್ದಂಗಿತ್ತು.”

“ಎಣ್ಣೀ?” ಹೆಡ್ ಮಾಸ್ತರರ ಧ್ವನಿ ಒಡೆಯಿತು. “ಯಾರ ಹೇಳಿದ್ರೋ ನಿನಗ ಎಣ್ಣಿ ಹಚ್ಚಂತ?”

“ಯಾರ ಯಾಕ ಹೇಳಬೇಕ್ರಿ ಸಾಹೇಬ್ರ? ನಿಮ್ಮ ಕಟಗಿ ಖುರ್ಚಿಗೆ ಹಚ್ಚತೇನಿ. ಇದಕ್ಕ ಬ್ಯಾಡನು? ಅಷ್ಟು ದೂರದಿಂದ ಬಂದೈತಿ.”

ರಾಯರಿಗೆ ಹೋದ ಜೀವ ಬಂದಿತು. ಹೊಸಿಲ ಹೊರಗಿನಿಂದಲೇ ಕೂಗಿದರು: “ಜಿಡ್ಡಿನದ ಆತಲ್ಲ ಕಾಕಾ! ದಿನಾ ಸ್ನಾನ ಆತು! ಸಾಲಿಯಿಂದ ಬಂದು ದಿನಾ ತಲಿ ಮ್ಯಾಲ ನೀರು ಹಾಕ್ಕೊಂಡ್ರ ಹುಡಿಗಿಗೆ ಜ್ವರ ಬರತಾವ, ಬ್ಯಾಡ ಬಿಡ್ರಿ.”

ಆಚಾರ್ಯರು ಕಣ್ಣು ಮುಚ್ಚಿದರು. ಇಂಥ ಸಂದರ್ಭ ಹಿಂದಿನ ಯಾವ ನಿರ್ಣಯಕಾರರಿಗೂ ಬಂದಿರಲಾರದು. ಅವರ ಕಾಲದಲ್ಲಿ ಬಂದೇಸಾಬ ಇರಲಿಲ್ಲ. ಕೊನೆಗೆ ಆಚಾರ್ಯರು ಕಣ್ಣು ತೆರೆದು ಹೇಳಿದರು: “ಇದು ಎಲುವಿನ ಜಿಡ್ಡಲ್ಲ. ಇದು ಕುಸುಬಿಯ ಜಿಡ್ಡು. ಹೊರಗಿಂದು. ಒರಸಿ ನೋಡಬೇಕು. ಒಳಗ ಒಣಗಿತ್ತಂದ್ರ ಒಣಗಿದ್ದ. ನನಗ ಪೂಜಿ ಉಳದದ, ಮುಟ್ಟೂಹಂಗಿಲ್ಲ. ಶೀನಪ್ಪಾ, ಒಳಗ ಬಾ. ಆ ಅರಿವಿ ತೊಗೋ. ಒಂದು ಕೈ ಒರಸು.”

“ನಾನೇ?”

“ನೀ ಮನೀಗೆ ಹೋಗಿ ಸ್ನಾನ ಮಾಡಿದ್ರಾತು. ಬಾ.”

ರಾಯರು ಒಂದು ಕಾಲು ಹೊಸಿಲೊಳಗೆ ಇಟ್ಟರು. ಇನ್ನೊಂದು ಬರಲಿಲ್ಲ. ಬಂದೇಸಾಬ ಅರಿವೆ ಚಾಚಿದ. ರಾಯರ ಕೈ ಅರ್ಧ ದೂರ ಹೋಗಿ ಹಿಂದೆ ಬಂದಿತು.

“ನಾ ಒರಸ್ತೇನಿ” ಎಂದಳು ಮನೋರಮಾ.

ಅರಿವೆ ತೆಗೆದುಕೊಂಡಳು. ತೂಗುತ್ತಿದ್ದ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ ಒರೆಸಿದಳು, ಸಣ್ಣ ಮಗುವಿನ ಕೈ ತೊಳೆಸುವಂತೆ. ಎಲುಬಿಗೆ ಎಲುಬು ತಾಗಿ ಸಣ್ಣಗೆ ಸಪ್ಪಳವಾಯಿತು. ಆ ಸಪ್ಪಳಕ್ಕೆ ರಾಯರಿಗೆ ನದಿಯ ಮರಳು ಕಂಡಿತು, ಒಂದು ಹೊಸ ಮಡಕೆ ಕಂಡಿತು, ತನ್ನ ಮಣಿಕಟ್ಟು ಹಿಡಿದ ದೊಡ್ಡವರ ಕೈ ಕಂಡಿತು. ಬಹಳ ವರ್ಷಗಳಿಂದ ಅದನ್ನು ಕಂಡಿರಲಿಲ್ಲ, ಕಾಣದಂತೆ ನೋಡಿಕೊಂಡಿದ್ದರು. ಅವರು ಹೊಸಿಲ ಮೇಲೆಯೇ ಕುಸಿದು ಕೂತರು.

“ಒಣಗೇದ ಅಜ್ಜಾ!” ಎಂದು ಒಳಗಿನಿಂದ ಮಗಳ ಧ್ವನಿ. “ಸುಣ್ಣದಂಗ ಅದ.”

ಬಂದೇಸಾಬ ನೀರು ತಂದ. ಹೆಡ್ ಮಾಸ್ತರರು ಗಾಳಿ ಹಾಕುತ್ತ, “ಬಿಸಲು ಭಾಳ ಆಗೇದ್ರಿ” ಎಂದರು. ಹೊರಗೆ ಜಡಿಮಳೆ ಹಿಡಿದಿತ್ತು.

ರಾಯರಿಗೆ ಮಾತು ಬಂದಾಗ ಮೊದಲು ಬಂದದ್ದು ಅದೇ ಹಳೆಯ ಮಾತು. “ಶಾಸ್ತ್ರ ಒಪ್ಪಿದ್ರೇನಾತ್ರಿ… ನಮ್ಮ ತಾಯಿ ಒಪ್ಪೂದಿಲ್ಲ. ಆಕಿ ಜೀವಕ್ಕ ಹಚಗೋತಾಳ.”

ಆಚಾರ್ಯರು ಛತ್ರಿ ಬಿಚ್ಚುತ್ತಿದ್ದವರು ತಿರುಗಿ ನೋಡಿದರು. “ವೈನಿ ಹಂಗಂದಳೇನು?”

“ಅನ್ನಬೇಕೇನ್ರಿ? ಗೊತ್ತಿದ್ದದ್ದ.”

ಆಚಾರ್ಯರು ಶಾಲೆಯಿಂದ ಮಠದ ಓಣಿಗೆ ಹೋಗುವ ದಾರಿ ಬಿಟ್ಟು, ರಾಯರ ಮನೆಯ ದಾರಿ ಹಿಡಿದರು. ರಾಯರು ಕಚೇರಿಗೆ ಹೋಗಲೇಬೇಕಾಗಿತ್ತು.

ಸಂಜೆ ಮನೆಗೆ ಬಂದಾಗ ಗೋಪಿಕಾಬಾಯಿ ಪಡಸಾಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದರು. ತುಂಗಾಬಾಯಿ ಕಂದೀಲಿನ ಗಾಜು ಒರೆಸುತ್ತಿದ್ದಳು. ಮನೋರಮಾ ಮೂಲೆಯಲ್ಲಿದ್ದಳು. ಮೂವರೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಮೂವರು ಹೆಂಗಸರು ಸುಮ್ಮನಿದ್ದರೆ ಮಾತೆಲ್ಲ ಮುಗಿದಿದೆಯೆಂದೇ ಅರ್ಥ.

“ಶೀನ್ಯಾ, ಕೂಡು” ಎಂದರು ತಾಯಿ. “ಊರೆಲ್ಲಾ ನನ್ನ ಹೆಸರು ಹೇಳಿ ಬಂದ್ಯಂತ? ಪ್ರಹ್ಲಾದಗ, ಸಾಲಿ ಮಾಸ್ತರಗ, ಈ ಕೂಸಿಗೆ. ನಾ ಯಾವಾಗ ಬ್ಯಾಡಂದೆ?”

“ಆದಿತವಾರ… ಸೌಟು ಹಿಡಕೊಂಡು ಹಂಗ ನಿಂತಿ. ಒಂದು ಮಾತಾಡದ ಒಳಗ ಹೋದಿ.”

“ಈಕಿ ಮಾತಿಗೆ ನಿಂತಿದ್ದೆನೇನು? ನಿನ್ನ ಮಾರಿ ನೋಡಿ ನಿಂತೆ. ಆ ಮಾರಿ ನಾ ಹಿಂದ ಒಮ್ಮೆ ನೋಡಿದ್ದೆ.”

ರಾಯರು ಏಳಲು ನೋಡಿದರು. “ಕೂಡು ಅಂದೆ” ಎಂದರು ತಾಯಿ. ಅವ್ವಲ್ ಕಾರಕೂನರು ಕೂತರು.

“ನಿಮ್ಮಪ್ಪ ಆ ದೊಡ್ಡ ಜ್ವರದಾಗ ಹೋದಾಗ ನಿನಗ ಒಂಬತ್ತು ವರ್ಷ. ಹಿರೇ ಮಗ, ನೀನ ಎಲ್ಲಾ ಮಾಡಬೇಕಿತ್ತು. ಮೂರನೇ ದಿನಾ ವರದಾ ದಂಡಿಗೆ ಕರಕೊಂಡು ಹೋಗಿ, ನಿನ್ನ ಕೈ ಹಿಡದು ಅಸ್ಥಿ ಆರಿಸಿದರು. ಬ್ಯಾಡಂತ ಅಳತಿದ್ಯಂತ. ಯಾರೂ ಬಿಡಲಿಲ್ಲ. ಯಾರನ್ನ ಬೈಯೂದು? ಪದ್ಧತಿ. ಮನೀಗೆ ಬಂದಿ. ಕ್ಷೌರಿಕ ಇನ್ನೂ ನನ್ನ ಮುಂದ ಕೂತಿದ್ದ. ನೀ ಬಾಗಲಾಗ ನಿಂತು ನನ್ನ ಒಂದು ಮಾತು ಕೇಳಿದಿ. ನೆನಪದ ಏನು?”

“ಇಲ್ಲ” ಎಂದರು ರಾಯರು. ನಿಜವಾಗಿಯೂ ನೆನಪಿರಲಿಲ್ಲ.

“‘ಅವ್ವಾ, ಅದರಾಗ ಅಪ್ಪನ ಕೈ ಯಾವುದು?’ ಅಂತ ಕೇಳಿದಿ. ‘ಜಾತ್ರಿಗೆ ಹೋದಾಗ ನನ್ನ ಹಿಡಕೋತಿದ್ದನಲ್ಲ, ಆ ಕೈ ಯಾವುದಿತ್ತು? ನಾ ಎಲ್ಲಾನೂ ಮಡಿಕಿಯಾಗ ಹಾಕಿಬಿಟ್ಟೆ’ ಅಂದಿ.” ಗೋಪಿಕಾಬಾಯಿಯ ಬೆರಳುಗಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿರಲಿಲ್ಲ. “ನನಗ ಏನ ಗೊತ್ತು? ನಾ ಹೇಳಲಿಲ್ಲ. ಕರ್ಮ ಮಾಡಸೂ ಆಚಾರ್ಯರಿಗೆ ಕೇಳಿದಿ, ಗದರಿಸಿದರು. ಆವತ್ತಿನಿಂದ ನೀ ಆ ಮಾತು ತಗೀಲಿಲ್ಲ. ನುಗ್ಗಿಕಾಯಿ ಮಾತ್ರ ಆರು ತಿಂಗಳ ಮುಟ್ಟಲಿಲ್ಲ.”

ಕಂದೀಲಿನ ಗಾಜು ತುಂಗಾಬಾಯಿಯ ಕೈಯಲ್ಲಿ ಹಾಗೆಯೇ ಉಳಿದಿತ್ತು. ಹದಿನೆಂಟು ವರ್ಷ ಈ ಮನುಷ್ಯನೊಂದಿಗೆ ಸಂಸಾರ ಮಾಡಿ, ಅವನು ಸ್ಮಶಾನದ ದಾರಿ ಬಿಟ್ಟು ಸುತ್ತುಹಾಕಿ ಕಚೇರಿಗೆ ಹೋಗುವುದು ಗಾಳಿ ಸೇವನೆಗೆಂದೇ ಅವಳು ನಂಬಿದ್ದಳು.

“ನಿನಗ ಬ್ಯಾಡಾಗಿತ್ತು, ಹಿಡದು ಮುಟ್ಟಿಸಿದರು” ಎಂದರು ಗೋಪಿಕಾಬಾಯಿ. “ಈಕಿಗೆ ಬೇಕಾಗೇದ. ತಾನ ಮುಟ್ಟತೇನಿ, ಯಾವುದು ಯಾವುದು ತಿಳಕೋತೇನಿ ಅಂತಾಳ. ನಮ್ಮ ಮನ್ಯಾಗ ಒಬ್ಬರಿಗಾದ್ರೂ ಗೊತ್ತಿರಲಿ. ಸಾಲಿಯಿಂದ ಬಂದಮ್ಯಾಲ ಹಿತ್ತಲದಾಗ ಆಕಳ ಅದ, ಮುಟ್ಟಿ ಒಳಗ ಬರ್ತಾಳ. ನನ್ನ ಮಡಿ ನಾ ನೋಡಕೋತೇನಿ. ಅದರ ಹಿಂದ ನೀ ಅಡಗಿಕೋಬ್ಯಾಡ.”

ತಾಯಿಯನ್ನು ರಾಯರು ಈವರೆಗೆ ಒಂದು ದೊಡ್ಡ, ಗಟ್ಟಿಯಾದ ಗೋಡೆಯೆಂದು ತಿಳಿದಿದ್ದರು. ಅದಕ್ಕೆ ಬೆನ್ನು ಕೊಟ್ಟು ನಿಂತು ಊರಿಗೆಲ್ಲ ಸುಧಾರಣೆ ಹೇಳುವುದು ಆರಾಮಾಗಿತ್ತು. ಗೋಡೆ ಸರಿದು ನಿಂತಿತ್ತು. ಗಾಳಿ ನೇರವಾಗಿ ಬೆನ್ನಿಗೇ ಬೀಸುತ್ತಿತ್ತು.

ಮೂಲೆಯಿಂದ ಮನೋರಮಾ ಎದ್ದು ಬಂದು ಅವರೆದುರು ನಿಂತಳು. “ಅಪ್ಪಾ, ನಿನಗ ಅಷ್ಟು ತ್ರಾಸ ಆಗತಿತ್ತಂದ್ರ ನಾ ಸಂಸ್ಕೃತಾನ ತೊಗೋತೇನಿ.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. ಹದಿಮೂರು ವರ್ಷದ ಮಗಳ ಕರುಣೆಗೆ ಸಿದ್ಧರಾಗಿರುವ ತಂದೆಗಳು ಜಗತ್ತಿನಲ್ಲಿ ಕಡಿಮೆ. ಈಗ ರಾಯರು ಹ್ಞೂಂ ಎಂದರೆ ಸಾಕಾಗಿತ್ತು. ಕೇಳಿದ್ದೆಲ್ಲ ಸಿಗುತ್ತಿತ್ತು: ಸಂಸ್ಕೃತ, ಮನೆತನದ ಹೆಸರು, ಎಲುಬಿಲ್ಲದ ಮನೆ.

“ನಾಳೆ ಹೇಳ್ತೇನಿ” ಎಂದು ಎದ್ದು ಹೋದರು.

ನಾಳೆ ಗುರುವಾರವಲ್ಲ, ಬುಧವಾರ. ಆದರೂ ರಾಯರು ಸ್ನಾನ ಮುಗಿಸಿ, ಟೊಪ್ಪಿಗೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೆಡ್ ಮಾಸ್ತರರ ಕೋಣೆಯಲ್ಲಿ ಇಬ್ಬರು ಮಾಸ್ತರರೂ, ಮಗನ ಹೆಸರು ಹಚ್ಚಲು ಬಂಕಾಪುರದಿಂದ ಬಂದ ಗುದ್ಲೆಪ್ಪ ಎಂಬ ಒಕ್ಕಲಿಗನೂ ಇದ್ದರು. ಖಾಸಗಿಯಾಗಿ ಮಾತಾಡಲು ಅದು ಅನುಕೂಲದ ಹೊತ್ತಾಗಿರಲಿಲ್ಲ.

“ಮನೋರಮಾ ಶರೀರಶಾಸ್ತ್ರಕ್ಕ ಕೂಡ್ತಾಳ್ರಿ” ಎಂದರು ರಾಯರು.

ಮಗಳು ಗಕ್ಕನೆ ತಲೆಯೆತ್ತಿ ಅವರನ್ನು ನೋಡಿದಳು.

ಹೆಡ್ ಮಾಸ್ತರರ ಮುಖ ಅರಳಿತು. “ಅಂತೂ ತಾಯಿಯವರನ್ನ ಒಪ್ಪಿಸಿದ್ರಿ! ನನಗ ಗೊತ್ತಿತ್ತು. ನೋಡ್ರಿ,” ಎಂದು ಉಳಿದವರ ಕಡೆಗೆ ತಿರುಗಿ, “ಮನ್ಯಾಗ ಅಂಥಾ ಮಡಿ ತಾಯಿ ಇದ್ದೂ ಹುಡಿಗಿ ಸಲುವಾಗಿ ಹೊಡದಾಡಿದಂಥಾ ಮನಷಾ ಇವರು. ಸುಧಾರಣಾ ಅಂದ್ರ ಹಿಂಗಿರಬೇಕು.”

ಗುದ್ಲೆಪ್ಪ ಗೌರವದಿಂದ ಪಟಕಾ ಸರಿಮಾಡಿಕೊಂಡ. ಮಾಸ್ತರರು ತಲೆದೂಗಿದರು. ಆ ಹೊಗಳಿಕೆ ರಾಯರ ಅಳತೆಗೇ ಹೊಲಿಸಿದ ಅಂಗಿಯಂತಿತ್ತು. ಕೈ ತೂರಿಸಿದರೆ ಮುಗಿಯಿತು. ಒಂದು ಕ್ಷಣ ಅವರು ಕೈ ಎತ್ತಿದರು ಕೂಡ. ಆಮೇಲೆ ಪಕ್ಕದಲ್ಲಿ ನಿಂತವಳ ಉಸಿರು ಕೇಳಿಸಿತು.

“ಹಂಗಲ್ರಿ” ಎಂದರು. “ನಮ್ಮ ತಾಯಿ ಎಂದೂ ಬ್ಯಾಡ ಅಂದಿದ್ದಿಲ್ಲ. ಅವರನ್ನ ನಾ ಕೇಳೇ ಇದ್ದಿಲ್ಲ. ಬ್ಯಾಡ ಅಂದಾಂವ ನಾನು.”

“ನೀವೇ?”

“ನಾನ. ನನಗ ಎಲುವು ಅಂದ್ರ ಅಂಜಿಕಿ. ಸಣ್ಣಾಂವಿದ್ದಾಗಿಂದ.”

ಹೆಡ್ ಮಾಸ್ತರರ ಕೈಯಲ್ಲಿಯ ಟಾಕು ಮಸಿಯ ದೌತಿಯ ಬಾಯಿಯಲ್ಲೇ ನಿಂತಿತು. ಮಾಸ್ತರರಿಬ್ಬರೂ ಕಿಟಕಿಯ ಹೊರಗೆ ನೋಡಿದರು, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಗುದ್ಲೆಪ್ಪ ಒಬ್ಬನೇ, “ಅದಕ್ಕೇನಾತ್ರಿ ಸಾಹೇಬ್ರ, ನನಗ ಕಪ್ಪಿ ಕಂಡ್ರ ಆಗೂದಿಲ್ಲ” ಎಂದ. ಸಂಜೆಯೊಳಗೆ ಈ ಮಾತು ಕಚೇರಿಗೆ ಮುಟ್ಟುತ್ತದೆ, ನಾಳೆ ಮಾಮಲೇದಾರರು ಏನಾದರೊಂದು ಅನ್ನುತ್ತಾರೆ ಎಂದು ರಾಯರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆಶ್ಚರ್ಯವೆಂದರೆ, ಹೆಸರು ಬರೆದುಕೊಂಡದ್ದನ್ನು ಅವರು ಮತ್ತೊಮ್ಮೆ ಬಗ್ಗಿ ನೋಡಿಯೇ ಹೊರಗೆ ಬಂದರು.

ಕಚೇರಿಗೆ ಹೊತ್ತಾಗಿತ್ತು. ಆದರೂ ನಾಲ್ಕನೆಯ ತಾಸಿನ ಗಂಟೆಯಾಗುವವರೆಗೆ ಅವರು ಶಾಲೆಯ ಅಂಗಳದಲ್ಲಿ, ಬೇವಿನ ಮರದ ಹನಿಗಳ ಕೆಳಗೆ ನಿಂತರು. ಗಂಟೆಯಾಯಿತು. ಹುಡುಗರ ದೊಡ್ಡ ಹಿಂಡು ಗದ್ದಲ ಮಾಡುತ್ತ ಸಂಸ್ಕೃತದ ಕೋಣೆಗೆ ನುಗ್ಗಿತು. ಇನ್ನೊಂದು ಕೋಣೆಯ ಕಡೆಗೆ ಹೊರಟವರು ನಾಲ್ಕೇ ಜನ. ಎಲ್ಲರಿಗಿಂತ ಮುಂದೆ ಮನೋರಮಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಡುತ್ತಿರುವಂತೆ ಕಾಣಬಾರದೆಂದು ದಡದಡ ನಡೆಯುತ್ತ.

ಬಾಗಿಲಲ್ಲಿ ಒಮ್ಮೆಯಾದರೂ ತಿರುಗಿ ತನ್ನನ್ನು ನೋಡುತ್ತಾಳೆಂದು ರಾಯರು ಕಾದರು. ಅವಳು ತಿರುಗಲಿಲ್ಲ. ಆ ವಾರ ಅವರಿಗೆ ಆದ ಆಘಾತಗಳಲ್ಲಿ ಅದೂ ಒಂದು.